ಬೆಂಕಿ ಒಬ್ಬರದು, ಉಸಿರು ಇನ್ನೊಬ್ಬರದು

(ಮಹಲ್ಲಾ ಮಟ್ಟದ ಆರೋಗ್ಯ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಮಾತನ್ನು ನಮ್ಮ ಮನೆಯಿಂದಲೇ ಆರಂಭಿಸುತ್ತೇವೆ. ನಮ್ಮ ತಾಯಿ ಜೀವನದಲ್ಲಿ ಒಮ್ಮೆಯೂ ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ ಮೂವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು ದೊಡ್ಡ ಕುಟುಂಬಕ್ಕೆ ಅನ್ನ ಬೇಯಿಸಿದವರು. ಐವತ್ತೈದು ದಾಟುವ ಹೊತ್ತಿಗೆ ನಾಲ್ಕು ಮೆಟ್ಟಿಲು ಹತ್ತಿದರೂ ದಮ್ಮು ಕಟ್ಟತೊಡಗಿತು. ವೈದ್ಯರು ಸಿಒಪಿಡಿ ಎಂದರು. ಅಂದರೆ ಶ್ವಾಸನಾಳಗಳು ಕಾಯಮ್ಮಾಗಿ ಕಿರಿದಾಗುವ, ಪೂರ್ತಿ ಗುಣವಾಗದ, ಆದರೆ ಹತೋಟಿಯಲ್ಲಿಡಬಹುದಾದ ಶ್ವಾಸಕೋಶದ ಕಾಯಿಲೆ. "ಬೀಡಿ ಸೇದದ ನನಗೇಕೆ ಇದು?" ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ಒಂದು ಮಾರ್ಚ್ ತಿಂಗಳಲ್ಲಿ ಊರ ಹಿಂದಿನ ಗುಡ್ಡಕ್ಕೆ ಬೆಂಕಿ ಬಿತ್ತು. ಮೂರು ದಿನ ಉರಿಯಿತು. ಮಕ್ಕಳಿಗೆ ಅದೊಂದು ತಮಾಷೆ, ತಾರಸಿ ಹತ್ತಿ ನೋಡಿದರು. ನಮಗೆ ಬರೀ ಸುಟ್ಟ ವಾಸನೆ. ತಾಯಿಗೆ ಮಾತ್ರ ಮಲಗಲಾಗಲಿಲ್ಲ. ದಿಂಬಿಗೆ ಒರಗಿ ಕುಳಿತೇ ರಾತ್ರಿ ಕಳೆದರು. ಇನ್‌ಹೇಲರ್ ಕೈಗೆತ್ತಿಕೊಂಡರೆ ಅದು ಖಾಲಿಯಾಗಿತ್ತು. ಖಾಲಿಯಾದದ್ದನ್ನು ಮನೆಯಲ್ಲಿ ಯಾರೂ ಗಮನಿಸಿರಲಿಲ್ಲ. ಔಷಧಿ ಅಂಗಡಿಗಳು ಮುಚ್ಚಿದ್ದವು. ಬೆಳಗಾಗುವ ಮೊದಲೇ ಆಸ್ಪತ್ರೆಗೆ ಓಡಬೇಕಾಯಿತು. ಅಲ್ಲಾಹನ ಅನುಗ್ರಹದಿಂದ ಅವರು ಉಳಿದರು. ಆದರೆ ಆ ರಾತ್ರಿ ತಪ್ಪು ಬೆಂಕಿಯದ್ದಷ್ಟೇ ಆಗಿರಲಿಲ್ಲ, ನಮ್ಮದೂ ಆಗಿತ್ತು. ಅಂದು ಕಲಿತ ಪಾಠವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇವೆ.

ಸಹೋದರರೇ, ಒಂದು ಗುಡ್ಡದ ಮೂರು ದಿನದ ಹೊಗೆ ಒಬ್ಬ ರೋಗಿಗೆ ಇಷ್ಟು ಮಾಡುವುದಾದರೆ, ತಿಂಗಳುಗಟ್ಟಲೆ ಹೊಗೆಯಲ್ಲಿ ಮುಳುಗಿದ ಒಂದು ನಾಡಿನ ಗತಿಯೇನು? ಅಂತಹ ನಾಡೊಂದಿದೆ. ಅದು ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶಗಳ ಸಾಲಿನ ಇಂಡೋನೇಷ್ಯ.

ಕಲಿಮಂತಾನದ ಹಳದಿ ಆಕಾಶ

ಅಲ್ಲಿಯ ಸುಮಾತ್ರ ಮತ್ತು ಕಲಿಮಂತಾನದಲ್ಲಿ ಪೀಟ್ ಎಂಬ ನೆಲವಿದೆ. ಸಾವಿರಾರು ವರ್ಷಗಳಿಂದ ಕೊಳೆತ ಗಿಡಮರಗಳು ನೀರಿನಡಿ ಶೇಖರಗೊಂಡು ಉಂಟಾದ ಕಪ್ಪು ಮಣ್ಣದು. ಕೆಲವೆಡೆ ಅದರ ಆಳ ಹಲವು ಮೀಟರುಗಳಷ್ಟು. ನೀರು ನಿಂತಿರುವವರೆಗೆ ಅದಕ್ಕೆ ಬೆಂಕಿ ಹತ್ತುವುದಿಲ್ಲ. ಆದರೆ 1990ರ ದಶಕದಲ್ಲಿ, ಸುಹಾರ್ತೊ ಆಡಳಿತದ ಕಾಲದಲ್ಲಿ, ಮಧ್ಯ ಕಲಿಮಂತಾನದಲ್ಲಿ ಸುಮಾರು ಹತ್ತು ಲಕ್ಷ ಹೆಕ್ಟೇರ್ ಜೌಗು ನೆಲವನ್ನು ಭತ್ತದ ಗದ್ದೆಯಾಗಿಸುವ ಯೋಜನೆ ಹೂಡಿ ಕಾಲುವೆ ತೋಡಿ ನೀರು ಬಸಿದರು. ಭತ್ತ ಬೆಳೆಯಲಿಲ್ಲ. ಒಣಗಿದ ನೆಲ ಮಾತ್ರ ಉಳಿಯಿತು. ಬೇರೆ ಬೇರೆ ಕಡೆಗಳಲ್ಲಿ ತಾಳೆ ಎಣ್ಣೆ ಮತ್ತು ಕಾಗದದ ಮರಗಳ ತೋಟಗಳಿಗಾಗಿ ಇದೇ ಕೆಲಸ ನಡೆಯಿತು. ನೆಲ ಹಸನು ಮಾಡಲು ಅತಿ ಅಗ್ಗದ ಉಪಾಯ ಬೆಂಕಿ. ಒಣ ಪೀಟಿಗೆ ಬೆಂಕಿ ಬಿದ್ದರೆ ಅದು ನೆಲದೊಳಗೇ ಹೊಗೆಯಾಡುತ್ತಾ ಹೋಗುತ್ತದೆ. ಜಡಿಮಳೆ ಬರುವವರೆಗೆ ಅದನ್ನು ನಂದಿಸುವುದು ಬಹಳ ಕಷ್ಟ.

2015ರಲ್ಲಿ ಎಲ್ ನಿನೋ ಕಾರಣದಿಂದ ಮಳೆ ತಡವಾಯಿತು. ವಿಶ್ವ ಬ್ಯಾಂಕಿನ ಅಂದಾಜಿನಂತೆ ಜೂನ್‌ನಿಂದ ಅಕ್ಟೋಬರ್‌ವರೆಗೆ 26 ಲಕ್ಷ ಹೆಕ್ಟೇರ್ ಸುಟ್ಟಿತು. ನಷ್ಟ 1,610 ಕೋಟಿ ಡಾಲರ್. 2004ರ ಸುನಾಮಿಯ ನಂತರ ಅಚೇಹ್ ಪ್ರಾಂತವನ್ನು ಮತ್ತೆ ಕಟ್ಟಲು ತಗಲಿದ ಹಣದ ಎರಡು ಪಟ್ಟಿಗಿಂತ ಇದು ಹೆಚ್ಚು. ಮಧ್ಯ ಕಲಿಮಂತಾನದ ರಾಜಧಾನಿ ಪಾಲಂಕರಾಯದಲ್ಲಿ ಹಗಲಿನಲ್ಲೂ ಆಕಾಶ ಹಳದಿಯಾಯಿತು. 300 ದಾಟಿದರೆ ಅಪಾಯಕಾರಿ ಎನ್ನುವ ಮಾಲಿನ್ಯದ ಸೂಚ್ಯಂಕ ಅಲ್ಲಿ ಸಾವಿರವನ್ನೂ ಮೀರಿತು. ಶಾಲೆಗಳು ಮುಚ್ಚಿದವು. ಶ್ವಾಸದ ಸೋಂಕಿಗೆ ತುತ್ತಾದವರ ಸಂಖ್ಯೆ ಐದು ಲಕ್ಷ ದಾಟಿತು. ಉಸಿರಾಟಕ್ಕೆ ಕಷ್ಟಪಡುವವರಿಗಾಗಿ 'ಆಮ್ಲಜನಕ ಮನೆ'ಗಳನ್ನು ತೆರೆಯಬೇಕಾಯಿತು. ಸಮುದ್ರ ದಾಟಿದ ಹೊಗೆ ಸಿಂಗಾಪುರ, ಮಲೇಷ್ಯಗಳನ್ನೂ ಮುಸುಕಿತು. ಬಕ್ರೀದ್ ಮುಗಿದ ಮರುದಿನ, ಸೆಪ್ಟೆಂಬರ್ 25ರಂದು, ಸಿಂಗಾಪುರದ ಶಾಲೆಗಳಿಗೆ ರಜೆ ಸಾರಲಾಯಿತು.

ಸತ್ತವರೆಷ್ಟು? ಸರ್ಕಾರದ ಲೆಕ್ಕ 19. ಹಾರ್ವರ್ಡ್ ಮತ್ತು ಕೊಲಂಬಿಯ ವಿಶ್ವವಿದ್ಯಾಲಯಗಳ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಂದಾಜು, ಮೂರು ದೇಶಗಳಲ್ಲಿ ಸೇರಿ ಒಂದು ಲಕ್ಷಕ್ಕೂ ಹೆಚ್ಚು. ಸರ್ಕಾರಗಳು ಈ ಅಂದಾಜನ್ನು ಒಪ್ಪಲಿಲ್ಲ. ಇಷ್ಟು ದೊಡ್ಡ ಅಂತರವೇಕೆ? ಹೊಗೆ ಕೊಂದವನ ಮರಣಪತ್ರದಲ್ಲಿ ಹೊಗೆ ಎಂದು ಬರೆಯುವುದಿಲ್ಲ. ದಮ್ಮಿನಿಂದ ಸತ್ತ, ಹೃದಯ ನಿಂತು ಸತ್ತ, ವಯಸ್ಸಾಗಿತ್ತು ಎಂದೇ ಬರೆಯಲಾಗುತ್ತದೆ. ಮೊದಲೇ ರೋಗಿಯಾಗಿದ್ದವನ ಸಾವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ರೋಗಿಷ್ಠ ಶ್ವಾಸಕೋಶಕ್ಕೆ ಹೊಗೆ ಏನು ಮಾಡುತ್ತದೆ?

ಹೊಗೆಯಲ್ಲಿ ಕಣ್ಣಿಗೆ ಕಾಣದ ಕಣಗಳಿವೆ. 2.5 ಮೈಕ್ರೋಮೀಟರಿಗಿಂತ ಚಿಕ್ಕವು, ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ಮೂಗಿನ ಕೂದಲು, ಗಂಟಲಿನ ಕಫ ಇವುಗಳನ್ನು ತಡೆಯಲಾರವು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ದಿನಕ್ಕೆ ನಿಗದಿಪಡಿಸಿದ ಮಿತಿ ಘನ ಮೀಟರ್ ಗಾಳಿಯಲ್ಲಿ 15 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 60. ಆರೋಗ್ಯವಂತನಿಗೆ ಈ ಕಣಗಳು ಕೆಮ್ಮು ತರಿಸಿದರೆ, ಕಿರಿದಾದ ಶ್ವಾಸನಾಳದವನಿಗೆ ಬಾವು ಹೆಚ್ಚಿಸಿ, ಕಫ ತುಂಬಿಸಿ ಉಳಿದ ದಾರಿಯನ್ನೂ ಮುಚ್ಚುತ್ತವೆ. ಹೊಗೆ ಕರಗಿದ ಬಳಿಕವೂ ಕೆಲವು ದಿನ ಅಪಾಯವಿರುತ್ತದೆ ಎಂಬುದನ್ನು ಮರೆಯಬಾರದು.

ಮನೆಯವರು ಮಾಡಬೇಕಾದುದೇನು?

ಹೊಗೆ ಬಂದ ಮೇಲೆ ಓಡಾಡುವುದಲ್ಲ, ಬರುವ ಮೊದಲೇ ಸಿದ್ಧರಾಗುವುದು ಮುಖ್ಯ. ಬೇಸಿಗೆಗೆ ಮುನ್ನ ರೋಗಿಯನ್ನು ವೈದ್ಯರ ಬಳಿಗೆ ಕರೆದೊಯ್ದು, ಉಸಿರು ಕೆಟ್ಟರೆ ಯಾವ ಔಷಧಿ ಎಷ್ಟು, ಯಾವಾಗ ಆಸ್ಪತ್ರೆಗೆ ಬರಬೇಕು ಎಂಬುದನ್ನು ಕಾಗದದಲ್ಲಿ ಬರೆಸಿಕೊಂಡು ಗೋಡೆಗೆ ಅಂಟಿಸಿರಿ. ಫ್ಲೂ ಮತ್ತು ನ್ಯುಮೋನಿಯ ಲಸಿಕೆಗಳ ಬಗ್ಗೆಯೂ ಕೇಳಿರಿ. ಒಂದು ತಿಂಗಳ ಔಷಧಿ ಯಾವಾಗಲೂ ಕೈಯಲ್ಲಿರಲಿ. ಇನ್‌ಹೇಲರಿನಲ್ಲಿ ಎರಡು ಬಗೆಯಿವೆ: ದಿನಾಲೂ ತಪ್ಪದೆ ತೆಗೆದುಕೊಂಡು ರೋಗವನ್ನು ಹತೋಟಿಯಲ್ಲಿಡುವಂಥದು, ದಮ್ಮು ಬಂದಾಗ ಕೂಡಲೇ ಪರಿಹಾರ ಕೊಡುವಂಥದು. "ಈಗ ಚೆನ್ನಾಗಿದ್ದೇನೆ" ಎಂದು ಮೊದಲನೆಯದನ್ನು ಬಿಡುವವರೇ ಹೊಗೆ ಬಂದಾಗ ಮೊದಲು ಬೀಳುವವರು. ಇನ್‌ಹೇಲರ್ ತೆಗೆದುಕೊಂಡರೆ ಅಭ್ಯಾಸವಾಗಿಬಿಡುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಬೇರೂರಿದ ತಪ್ಪು ತಿಳುವಳಿಕೆ. ಅದನ್ನು ಇಂದೇ ಇಲ್ಲೇ ಬಿಟ್ಟುಹೋಗೋಣ.

ಮನೆಯ ಒಂದು ಕೋಣೆಯನ್ನು ಶುದ್ಧ ಗಾಳಿಯ ಕೋಣೆಯಾಗಿಸಿರಿ. ಹೊಗೆಯ ದಿನ ಅದರ ಕಿಟಕಿ ಬಾಗಿಲು ಮುಚ್ಚಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡಿರಿ. ಅಲ್ಲಿ ಊದುಬತ್ತಿ, ಲೋಬಾನ, ಸೊಳ್ಳೆ ಬತ್ತಿ ಬೇಡ. ಬೀಡಿ ಸಿಗರೇಟಂತೂ ಬೇಡವೇ ಬೇಡ. ಅಡುಗೆಮನೆಯಲ್ಲಿ ಆ ದಿನ ಹುರಿಯುವುದು, ಕರಿಯುವುದು ಕಡಿಮೆಯಾಗಲಿ. ಕಸ ಗುಡಿಸದೆ ನೆಲ ಒರೆಸಿರಿ. ಶಕ್ತಿಯಿದ್ದವರು ಹೆಪಾ ಸೋಸುಕವಿರುವ ಗಾಳಿ ಶುದ್ಧಿಯಂತ್ರ ಇಡಬಹುದು. ಎಸಿ ಇದ್ದರೆ ಹೊರಗಿನ ಗಾಳಿ ಎಳೆಯದಂತೆ ನೋಡಿಕೊಳ್ಳಿರಿ. ಆದರೆ ಮುಚ್ಚಿದ ಕೋಣೆ ಬೇಸಿಗೆಯಲ್ಲಿ ಕುಲುಮೆಯಾದರೆ ಅದೂ ಅಪಾಯವೇ. ಆಗ ರೋಗಿಯನ್ನು ಹೊಗೆಯಿಲ್ಲದ ಬಂಧುಗಳ ಊರಿಗೆ ಕಳುಹಿಸುವುದೇ ಮೇಲು. ಹೊಗೆ ಎಷ್ಟಿದೆ ಎಂದು ತಿಳಿಯಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಇದೆ. ಮಾಪಕವಿಲ್ಲದ ಊರಿನಲ್ಲಿ ದಿನಾ ಕಾಣುವ ದೂರದ ಗುಡ್ಡವೇ ಮಾಪಕ. ಅದು ಮಸುಕಾದರೆ ಕಿಟಕಿ ಮುಚ್ಚುವ ಹೊತ್ತಾಯಿತೆಂದು ತಿಳಿಯಿರಿ.

ಮುಖಗವುಸಿನ ಬಗ್ಗೆ ಒಂದು ಮಾತು. ಬಟ್ಟೆಯ ಮಾಸ್ಕ್, ಕರವಸ್ತ್ರ, ನಿಖಾಬ್ ಇವು ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ಎನ್95 ತಡೆಯುತ್ತದೆ, ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ. ನಿಖಾಬ್ ಧರಿಸುವ ಸಹೋದರಿಯರು ಅದರ ಒಳಗೆ ಎನ್95 ಹಾಕಿಕೊಳ್ಳಬಹುದು. ಗಡ್ಡವಿರುವ ಸಹೋದರರ ಮುಖದಲ್ಲಿ ಅದು ಸರಿಯಾಗಿ ಕೂರುವುದಿಲ್ಲ, ಅಂಚಿನಿಂದ ಹೊಗೆ ನುಸುಳುತ್ತದೆ. ಆದ್ದರಿಂದ ಅವರು ಮಾಸ್ಕನ್ನು ನಂಬಿ ಹೊರಗೆ ಹೋಗದೆ ಒಳಗಿರುವುದೇ ಲೇಸು. ಉಸಿರು ಬಹಳ ಕುಂದಿದ ರೋಗಿಗೆ ಎನ್95 ಕೂಡ ಭಾರವಾಗಬಹುದು. ವೈದ್ಯರನ್ನು ಕೇಳದೆ ಹಾಕಿಸಬೇಡಿ.

ಮನೆಯಲ್ಲಿ ಆಮ್ಲಜನಕ ಯಂತ್ರವಿರುವವರಿಗೆ ಎಚ್ಚರಿಕೆ: ದಮ್ಮು ಹೆಚ್ಚಾಯಿತೆಂದು ಮನಬಂದಂತೆ ಪ್ರಮಾಣ ಏರಿಸಬೇಡಿ. ಸಿಒಪಿಡಿ ರೋಗಿಗೆ ಅತಿಯಾದ ಆಮ್ಲಜನಕವೂ ಅಪಾಯ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯಬಹುದು. ಇಂತಹ ಹೆಚ್ಚಿನ ರೋಗಿಗಳಲ್ಲಿ ವೈದ್ಯರು ಬಯಸುವುದು 88ರಿಂದ 92ರ ಮಟ್ಟವನ್ನು. ವಿದ್ಯುತ್ ಹೋದರೆ ಏನು ಮಾಡುವುದೆಂದು ಮೊದಲೇ ಯೋಚಿಸಿಡಿ. ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಾತು ಗೊಂದಲವಾದರೆ, ಇನ್‌ಹೇಲರಿನಿಂದ ಪರಿಹಾರ ಸಿಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ಆರಾಧನೆ ಮತ್ತು ರಿಯಾಯಿತಿ

ನಮ್ಮ ಹಿರಿಯರಿಗೆ ಮಸೀದಿ ತಪ್ಪಿಸುವುದೆಂದರೆ ನೋವು. ಆದರೆ ರಾತ್ರಿಯ ತಂಪಿನಲ್ಲಿ ಹೊಗೆ ನೆಲಮಟ್ಟದಲ್ಲೇ ಕೂತು ಬೆಳಗಿನ ಜಾವ ದಟ್ಟವಾಗಿರುವುದುಂಟು. ಅದೇ ಫಜ್ರ್‌ನ ಹೊತ್ತು. ರೋಗಿಗೆ ಮನೆಯಲ್ಲಿ ನಮಾಝ್ ಮಾಡುವ ಅನುಮತಿಯನ್ನು ಧರ್ಮವೇ ನೀಡಿರುವಾಗ, ಅವರನ್ನು ತಡೆಯುವುದು ಭಕ್ತಿಗೆ ಅಡ್ಡಿಯಲ್ಲ, ಜೀವಕ್ಕೆ ರಕ್ಷಣೆ.

ರಮಝಾನಿನ ವಿಚಾರವೂ ಹೀಗೆಯೇ. 2024 ಮತ್ತು 2025ರಲ್ಲಿ ರಮಝಾನ್ ಮಾರ್ಚ್‌ನಲ್ಲಿ ಬಂದಿತ್ತು. ಅದು ನಮ್ಮ ಪಶ್ಚಿಮ ಘಟ್ಟದಲ್ಲಿ ಕಾಳ್ಗಿಚ್ಚಿನ ಕಾಲ. ಉಪವಾಸದಲ್ಲಿ ಇನ್‌ಹೇಲರ್ ಬಳಸಬಹುದೇ ಎಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಉಪವಾಸ ಮುರಿಯುವುದಿಲ್ಲ ಎನ್ನುವವರೂ ಇದ್ದಾರೆ, ಮುರಿಯುತ್ತದೆ ಎನ್ನುವವರೂ ಇದ್ದಾರೆ. ಆದರೆ ರೋಗಿಗೆ ಉಪವಾಸದಿಂದ ರಿಯಾಯಿತಿ ಇದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಾಗಿರುವಾಗ ಔಷಧಿ ನಿಲ್ಲಿಸಿ ಉಪವಾಸ ಹಿಡಿದು ಆಸ್ಪತ್ರೆ ಸೇರುವುದು ಯಾವ ಧರ್ಮನಿಷ್ಠೆ? ನಿಮ್ಮ ವೈದ್ಯರನ್ನೂ ನಿಮ್ಮ ಆಲಿಮರನ್ನೂ ರಮಝಾನಿಗೆ ಮೊದಲೇ ಕೇಳಿ ತೀರ್ಮಾನಿಸಿಕೊಳ್ಳಿರಿ.

ಹೊಗೆಯ ಹೊಣೆ ಯಾರದು?

ಇಷ್ಟೆಲ್ಲಾ ಎಚ್ಚರ ರೋಗಿಯೇ ವಹಿಸಬೇಕೇ? ಬೆಂಕಿ ಹಚ್ಚಿದವನಿಗೆ ಹೊಣೆಯಿಲ್ಲವೇ? ಈ ಪ್ರಶ್ನೆಯನ್ನು ಇಂಡೋನೇಷ್ಯದ ಜನ ಎತ್ತಿದರು. ಅಲ್ಲಿನ ಉಲಮಾ ಮಂಡಳಿ 2016ರಲ್ಲಿ ಫತ್ವಾ ಹೊರಡಿಸಿ, ಇತರರಿಗೆ ಹಾನಿಯಾಗುವಂತೆ ಕಾಡು ಮತ್ತು ನೆಲ ಸುಡುವುದು ಹರಾಮ್ ಎಂದು ಸಾರಿತು. ಸುಡಲು ನೆರವಾಗುವುದು, ಅದರಿಂದ ಲಾಭ ಪಡೆಯುವುದು ಕೂಡ ಹರಾಮ್ ಎಂದಿತು. ಅದೇ ವರ್ಷ ಪಾಲಂಕರಾಯದ ನಾಗರಿಕರು ಅಧ್ಯಕ್ಷರ ಸಹಿತ ಸರ್ಕಾರದ ಮೇಲೆ ದಾವೆ ಹೂಡಿದರು. ಅವರು ಕೇಳಿದ್ದರಲ್ಲಿ ಒಂದು, ಹೊಗೆಗೆ ತುತ್ತಾದವರಿಗೆ ಉಚಿತ ಚಿಕಿತ್ಸೆ ನೀಡುವ ಶ್ವಾಸಕೋಶದ ಆಸ್ಪತ್ರೆ. ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದರು. 2019ರಲ್ಲಿ ಸುಪ್ರೀಂ ಕೋರ್ಟಿನಲ್ಲೂ ಗೆದ್ದರು. ಆದರೆ ಸರ್ಕಾರ ಪುನರ್‌ಪರಿಶೀಲನೆ ಕೋರಿತು, 2022ರಲ್ಲಿ ಆ ತೀರ್ಪು ರದ್ದಾಯಿತು. ಉಸಿರಿನ ಹಕ್ಕನ್ನು ಒಪ್ಪುವುದು ಆಳುವವರಿಗೆ ಎಷ್ಟು ಕಷ್ಟ ನೋಡಿ.

ನಮ್ಮ ನಾಡೇನು ಭಿನ್ನವಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಸುಟ್ಟ ಮರ, ಸತ್ತ ಪ್ರಾಣಿಗಳ ಬಗ್ಗೆ ನಾವೆಲ್ಲ ಮರುಗಿದೆವು, ಅದು ಸರಿಯೇ. ಆದರೆ ಕಾಡಂಚಿನ ಹಾಡಿಗಳಲ್ಲಿ, ಹಳ್ಳಿಗಳಲ್ಲಿ ಆ ಹೊಗೆ ಕುಡಿದ ದಮ್ಮಿನ ರೋಗಿಗಳನ್ನು ಯಾರು ಕೇಳಿದರು? ಕಾಳ್ಗಿಚ್ಚಿನ ಕಾಲ ಬರುವ ಮೊದಲೇ ತಾಲೂಕು ಆಸ್ಪತ್ರೆಗಳಲ್ಲಿ ಇನ್‌ಹೇಲರ್, ನೆಬ್ಯುಲೈಸರ್, ಆಮ್ಲಜನಕ ಸಾಕಷ್ಟಿರಬೇಕೆಂದು ನಮ್ಮ ಪ್ರತಿನಿಧಿಗಳನ್ನು ಕೇಳುವ ಹಕ್ಕು ನಮಗಿದೆ. ಚುನಾವಣೆಗೆ ಬಂದವರನ್ನು ರಸ್ತೆ, ಚರಂಡಿಗಾಗಿ ಕೇಳುವ ನಾವು ಉಸಿರಿಗಾಗಿ ಏಕೆ ಕೇಳಬಾರದು?

ಇತರರನ್ನು ಕೇಳುವ ಮೊದಲು ನಮ್ಮ ಬೀದಿಯನ್ನೂ ನೋಡಿಕೊಳ್ಳೋಣ. ಬೆಳಗಾದರೆ ಮನೆ ಮುಂದೆ ಒಣ ಎಲೆ, ಪ್ಲಾಸ್ಟಿಕ್ ಗುಡ್ಡೆ ಹಾಕಿ ಬೆಂಕಿ ಹಚ್ಚುವವರು ನಾವೇ ಅಲ್ಲವೇ? ಬಯಲಿನಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಪಡಿಸಿತ್ತು. ದಂಡದ ಭಯವಿಲ್ಲದಿದ್ದರೂ ಪಕ್ಕದ ಮನೆಯ ಅಜ್ಜಿಯ ಕೆಮ್ಮು ನಮಗೆ ಕೇಳಿಸಬೇಡವೇ? ನೆರೆಯವನ ಹಸಿವಿನ ಬಗ್ಗೆ ಪ್ರಶ್ನೆಯಿದೆ ಎಂದು ನಂಬುವ ನಾವು, ನೆರೆಯವನ ಉಸಿರಿನ ಬಗ್ಗೆ ಪ್ರಶ್ನೆಯಿಲ್ಲವೆಂದು ಭಾವಿಸಿದ್ದೇವೆಯೇ?

ಕೊನೆಯದಾಗಿ ಈ ಮಹಲ್ಲಾದ ಮುಂದೆ ಮೂರು ಕೆಲಸಗಳನ್ನಿಡುತ್ತೇವೆ. ಜಾತಿ ಧರ್ಮ ನೋಡದೆ ನಮ್ಮ ಬೀದಿಗಳಲ್ಲಿರುವ ದಮ್ಮಿನ ರೋಗಿಗಳನ್ನು ಯುವಕರು ಗುರುತಿಸಿ, ಹೊಗೆಯ ದಿನ ಅವರ ಬಾಗಿಲು ತಟ್ಟಿ ಔಷಧಿ ಇದೆಯೇ ಎಂದು ಕೇಳಲಿ. ಜಮಾಅತಿನ ಸಭಾಂಗಣದ ಒಂದು ಕೋಣೆಯನ್ನು ಎಲ್ಲರಿಗೂ ತೆರೆದ ಶುದ್ಧ ಗಾಳಿಯ ಕೋಣೆಯಾಗಿ ಸಜ್ಜುಗೊಳಿಸೋಣ. ಇನ್ನೂ ಸೌದೆ ಒಲೆಯ ಮುಂದೆ ಕುಳಿತಿರುವ ಬಡ ಸಹೋದರಿಗೆ ಗ್ಯಾಸ್ ಒಲೆಯೊಂದನ್ನು ನಮ್ಮ ದಾನದ ಹಣದಿಂದ ಕೊಡಿಸೋಣ.

ನಮ್ಮ ತಾಯಿಯ ಪ್ರಶ್ನೆಗೆ ಅಂದು ಉತ್ತರವಿರಲಿಲ್ಲ. ಇಂದು ಗೊತ್ತಿದೆ: ಅವರು ಸೇದಿದ್ದು ನಮ್ಮೆಲ್ಲರ ಊಟದ ಹೊಗೆಯನ್ನು. ಆ ಋಣ ನಮ್ಮ ಮೇಲಿದೆ. ಅದನ್ನು ತೀರಿಸುವ ಸನ್ಮನಸ್ಸನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ ಎಂದು ಪ್ರಾರ್ಥಿಸುತ್ತಾ ಮಾತು ಮುಗಿಸುತ್ತೇವೆ.