ಎರಡನೆಯ ಸಲ ಇಟ್ಟ ಕೈ

(ಲೂರ್ದು ಮಾತೆಯ ಹಬ್ಬ – ಫೆಬ್ರವರಿ 11)



ಲೂರ್ದು ಮಾತೆಯ ಹಬ್ಬವಾದ ಇಂದು ಧರ್ಮಸಭೆ ರೋಗಿಗಳ ವಿಶ್ವ ದಿನವನ್ನೂ ಆಚರಿಸುತ್ತದೆ. ಹೆಬ್ಬಾಳ, ಯಲಹಂಕದ ಆಸ್ಪತ್ರೆಗಳಿಗೆ ಹೋದಾಗಲೆಲ್ಲ ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕಾದು ಕುಳಿತ ಮನೆಯವರನ್ನು ನಾವು ನೋಡುತ್ತೇವೆ. 'ಆಪರೇಷನ್ ಚೆನ್ನಾಗಿ ಆಯ್ತು' ಎಂದು ಮಾತೆಯ ಮುಂದೆ ಮೇಣದಬತ್ತಿ ಹಚ್ಚಿದವರೇ ಅವರು. ನಾಲ್ಕನೆಯ ದಿನ ಜ್ವರ ಬರುತ್ತದೆ. ಒಳಗೆ ಸೋಂಕಾಗಿದೆ, ಮತ್ತೆ ಆಪರೇಷನ್ ಬೇಕು ಎನ್ನುತ್ತಾರೆ. ಆಗ ಮನಸ್ಸು ಕೇಳುತ್ತದೆ: ದೇವರು ಕೊಟ್ಟದ್ದನ್ನು ಹಿಂದಕ್ಕೆ ಪಡೆದರೇ?

ಸಂತ ಮಾರ್ಕರ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನ ಪ್ರಸಂಗವಿದೆ. ಯೇಸುಸ್ವಾಮಿ ಅವನ ಮೇಲೆ ಕೈಯಿಟ್ಟು, ಏನಾದರೂ ಕಾಣುತ್ತಿದೆಯೇ ಎಂದು ವಿಚಾರಿಸುತ್ತಾರೆ. ಜನರು ನಡೆದಾಡುವ ಮರಗಳಂತೆ ಕಾಣುತ್ತಿದ್ದಾರೆಂದು ಅವನು ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಪ್ರಭು ಅವನನ್ನು ಗದರಲಿಲ್ಲ, ನಿನ್ನ ವಿಶ್ವಾಸ ಸಾಲದು ಎನ್ನಲಿಲ್ಲ. ಮತ್ತೊಮ್ಮೆ ಕೈಯಿಟ್ಟರು; ಆಗ ಎಲ್ಲವೂ ಸ್ಪಷ್ಟವಾಗಿ ಕಂಡಿತು. ನೋವು ಇನ್ನೂ ಇದೆ ಎಂದು ಹೇಳುವುದು ಅವಿಶ್ವಾಸವಲ್ಲ. ಎರಡನೆಯ ಚಿಕಿತ್ಸೆ ಬೇಕಾಯಿತೆಂದರೆ ದೇವರು ಕೈಬಿಟ್ಟರೆಂದೂ ಅಲ್ಲ.

ನಮ್ಮ ಹಿರಿಯರಿಗೆ 1982 ನೆನಪಿರಬಹುದು. ಜುಲೈ 26ರಂದು ಬೆಂಗಳೂರಿನಲ್ಲಿ 'ಕೂಲಿ' ಚಿತ್ರೀಕರಣದ ವೇಳೆ ಹೊಟ್ಟೆಗೆ ಪೆಟ್ಟಾದ ಅಮಿತಾಭ್ ಬಚ್ಚನ್ ಅವರಿಗೆ ನಮ್ಮ ನಗರದ ಸಂತ ಫಿಲೋಮಿನಾ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಳಿಕ ಮುಂಬೈಗೆ ಕರೆದೊಯ್ದರು. ಸ್ಥಿತಿ ಬಿಗಡಾಯಿಸಿ ಅಲ್ಲಿ ಮತ್ತೆ ಶಸ್ತ್ರಚಿಕಿತ್ಸೆ. ದೇಶವೇ ಪ್ರಾರ್ಥಿಸಿತು, ಹಲವರು ರಕ್ತ ಕೊಟ್ಟರು. ಅವರು ಮನೆ ಸೇರಿದ್ದು ಸೆಪ್ಟೆಂಬರ್ 24ರಂದು. ರೋಗಿಗಳ ದಿನವನ್ನು 1992ರಲ್ಲಿ ಸ್ಥಾಪಿಸಿದ ಸಂತ ಎರಡನೇ ಜಾನ್ ಪೌಲರ ಅನುಭವವೂ ಇಂಥದೇ. 1981ರ ಮೇ 13ರಂದು ಗುಂಡೇಟು ತಿಂದು, ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ಅವರು, ಸೋಂಕಿನಿಂದ ಜೂನ್‌ನಲ್ಲಿ ಮತ್ತೆ ಆಸ್ಪತ್ರೆ ಸೇರಿದರು. ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ.

ಎಲ್ಲರೂ ಮನೆಗೆ ಮರಳುವುದಿಲ್ಲ. ಇದನ್ನು ನಾವು ಮುಚ್ಚಿಡಬಾರದು. ಆದರೆ ಯಾರೂ ಒಂಟಿಯಾಗಿ ನರಳಬಾರದು. ರೋಗಿಗಳ ಅಭ್ಯಂಗವೆಂದರೆ ಸಾವಿನ ಸೂಚನೆಯೆಂದು ಹೆದರಿ, ಗುರುಗಳನ್ನು ಕೊನೆಗಳಿಗೆಯಲ್ಲಿ ಕರೆಯುವವರಿದ್ದಾರೆ. ಗಂಭೀರ ಕಾಯಿಲೆಯ ಶಸ್ತ್ರಚಿಕಿತ್ಸೆಗೆ ಮುನ್ನವೇ ಈ ಸಂಸ್ಕಾರವನ್ನು ಪಡೆಯಬಹುದು; ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು. ಅದೂ ಪ್ರಭು ಎರಡನೆಯ ಸಲ ಇಡುವ ಕೈಯೇ.

ನಮ್ಮ ಕೈಗಳೂ ಬೇಕು. ಮೊದಲ ವಾರ ಹಣ್ಣು ಹಿಡಿದು ಬಂದವರು ಮೂರನೆಯ ವಾರ ಫೋನೂ ಮಾಡುವುದಿಲ್ಲ. ರೋಗಿಗೂ ಮನೆಯವರಿಗೂ ಹೆಚ್ಚು ಕಷ್ಟ ಆಗಲೇ. ಆದ್ದರಿಂದ ಒಮ್ಮೆ ಹೋಗಿ ಬಂದ ಮನೆಗೆ, ಆಸ್ಪತ್ರೆಗೆ, ಈ ವಾರ ಇನ್ನೊಮ್ಮೆ ಹೋಗೋಣ. ಊಟದ ಡಬ್ಬಿ ಒಯ್ಯೋಣ; ಒಂದು ರಾತ್ರಿ ರೋಗಿಯ ಬಳಿ ನಾವಿದ್ದು, ಮನೆಯವರನ್ನು ಮಲಗಲು ಕಳುಹಿಸೋಣ.

ಲೂರ್ದು ಮಾತೆ ನಮ್ಮ ರೋಗಿಗಳಿಗಾಗಿ, ಅವರನ್ನು ನೋಡಿಕೊಳ್ಳುವ ವೈದ್ಯರು, ದಾದಿಯರಿಗಾಗಿ ಪ್ರಾರ್ಥಿಸಲಿ. ಆಮೆನ್.