ವ್ಯಾಕರಣದಾಚೆಯ ಭಾಷೆ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹಳ್ಳಿಹಳ್ಳಿಗಳಿಂದ ಬಂದು ಇಂದು ಪದವೀಧರರಾಗುತ್ತಿರುವ ಮಕ್ಕಳೇ,

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆ, ದಿವಾನ್ ಪೂರ್ಣಯ್ಯನವರ ಹಳೆಯ ಜಹಗೀರು. ಆ ದಿನ ಕೊಳ್ಳೇಗಾಲದ ಹೊಲ, ಜನ, ಮಾತು ಯಾವುದೂ ಕದಲಲಿಲ್ಲ. ಆಳುವ ಸರ್ಕಾರ ಬದಲಾಯಿತು. ಹಳೆಯ ಕಾನೂನುಗಳು ಒಮ್ಮೆಗೇ ಬಿದ್ದುಹೋಗದೆ, ಬದಲಾಯಿಸುವವರೆಗೂ ನಡೆಯಲಿ ಎಂದು ರಾಜ್ಯ ಪುನರ್ವಿಂಗಡಣಾ ಕಾಯ್ದೆಯಲ್ಲೇ ಬರೆದಿಟ್ಟಿದ್ದರು. ಅವುಗಳನ್ನು ನಂಬಿ ಬದುಕು ಕಟ್ಟಿಕೊಂಡವರಿದ್ದರಲ್ಲ!

ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಬೇರೆ ರನ್‌ಟೈಮ್‌ಗೆ (ಪ್ರೋಗ್ರಾಂಗಳನ್ನು ನಡೆಸುವ ವ್ಯವಸ್ಥೆಗೆ) ಒಯ್ಯುವವರ ಕಷ್ಟವೂ ಇದೇ: ಹಳೆಯ ನಡವಳಿಕೆಯನ್ನು ನಂಬಿದವರ ಕೈಬಿಡದಿರುವುದು. 1997ರಲ್ಲಿ ಜಿಮ್ ಹ್ಯೂಗುನಿನ್ ಪೈಥಾನನ್ನು ಜಾವಾ ವರ್ಚುವಲ್ ಮಷೀನಿಗೆ ತರಲು ಹೊರಟರು. ಜೈಥಾನ್ ಹುಟ್ಟಿದ್ದು ಹಾಗೆ. ವ್ಯಾಕರಣ ಒಯ್ಯುವುದು ಅದರಲ್ಲಿ ಸುಲಭದ ಪಾಲು. ರೇಷ್ಮೆಗೂಡಿನ ತೂಕವನ್ನು ಫೈಲಿಗೆ ಬರೆಯುವ ಪುಟ್ಟ ಪ್ರೋಗ್ರಾಂ ಇದೆ ಎನ್ನಿ. ಫೈಲನ್ನು ಮುಚ್ಚು ಎಂದು ಬರೆಯುವುದನ್ನು ಬರೆದವರು ಮರೆತಿದ್ದಾರೆ. ಮೂಲ ಪೈಥಾನ್‌ನಲ್ಲಿ, ಆ ಫೈಲನ್ನು ಯಾರೂ ಬಳಸುತ್ತಿಲ್ಲ ಎಂದಾದ ಕ್ಷಣವೇ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ, ಲೆಕ್ಕ ಉಳಿಯುತ್ತದೆ. ಜಾವಾದಲ್ಲಿ ಬಳಕೆ ಮುಗಿದದ್ದನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್ ತನಗೆ ಬೇಕೆನಿಸಿದಾಗ ಬರುತ್ತದೆ. ಅಲ್ಲಿಯವರೆಗೆ ಕೊನೆಯ ಸಾಲುಗಳು ಡಿಸ್ಕಿಗೆ ಸೇರದೆ ಉಳಿಯಬಹುದು. ಕೋಡಿನಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಕನ್ನಡದವರಾದ ನಮಗೆ ಇನ್ನೂ ಹತ್ತಿರದ ಉದಾಹರಣೆ ಅಕ್ಷರಗಳದು. ‘ಕೊಳ್ಳೇಗಾಲ’ ಎಂದು ಟೈಪ್ ಮಾಡಿ ಉದ್ದ ಎಷ್ಟೆಂದು ಕೇಳಿ. ರೂಬಿ ಎಂಬ ಭಾಷೆಯ ಹಳೆಯ 1.8 ಆವೃತ್ತಿ, ಯುಟಿಎಫ್-8ರ ಬೈಟ್‌ಗಳನ್ನು ಎಣಿಸಿ 27 ಎನ್ನುತ್ತಿತ್ತು. ಜಾವಾ 9 ಎನ್ನುತ್ತದೆ. ಒಂದನೇ ತರಗತಿಯ ಮಗು ನಾಲ್ಕು ಎನ್ನುತ್ತದೆ, ನನಗೆ ಆ ಮಗುವಿನ ಉತ್ತರವೇ ಸರಿ. ರೂಬಿಯನ್ನು ಜಾವಾಕ್ಕೆ ತಂದ ಜೆರೂಬಿ ತಂಡ ಜಾವಾದ ಸಿದ್ಧ ಸ್ಟ್ರಿಂಗುಗಳನ್ನೇ ಬಳಸಿ ನೋಡಿತು. ಸಾಲದೆ, ಬೈಟ್‌ಗಳನ್ನೇ ಹಿಡಿದಿಡುವ ತನ್ನದೇ ಸ್ಟ್ರಿಂಗ್ ಕಟ್ಟಿಕೊಂಡಿತು. ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ, ಅದಕ್ಕೆ ತಕ್ಕ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂಜಿನ್ ಕೂಡ ಬೇಕಾಗಿ, ಸಿ ಭಾಷೆಯಲ್ಲಿದ್ದ ಓನಿಗುರುಮವನ್ನು ಜಾವಾದಲ್ಲಿ ಮತ್ತೆ ಬರೆದು ಜೋನಿ ಎಂದು ಹೆಸರಿಟ್ಟರು. ಹೊರಗಿನವರ ಕಣ್ಣಿಗೆ ಬೀಳದ ಈ ದುಡಿಮೆಯ ಬಗ್ಗೆ ನನಗೆ ಅಪಾರ ಗೌರವ.

ಸಿ ಭಾಷೆಯಲ್ಲಿ ಬರೆದ ಲೈಬ್ರರಿಗಳದು ಇನ್ನೊಂದು ತೊಡಕು. ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಮ್‌ಪೈಯಂಥವು ಮೂಲ ಪೈಥಾನ್‌ನ ಒಳಗಿನ ರಚನೆಗೇ ಅಂಟಿಕೊಂಡಿವೆ. ಭಾಷೆ ಬಂದರೂ ಅವು ಜೊತೆಗೆ ಬರಲಿಲ್ಲ. ಜೈಥಾನ್ ಕೂಡ ಪೈಥಾನಿನ ಹಳೆಯ 2.7 ಆವೃತ್ತಿಯಲ್ಲೇ ನಿಂತಿದೆ.

ಹಾಗಾದರೆ ಬರೆದಿಡದ ನಡವಳಿಕೆಯನ್ನು ಹಿಡಿಯುವುದು ಹೇಗೆ? ರೂಬಿನಿಯಸ್ ಎಂಬ ಇನ್ನೊಂದು ತಂಡ, ರೂಬಿ ಎಲ್ಲೆಲ್ಲಿ ಹೇಗೆ ನಡೆದುಕೊಳ್ಳುತ್ತದೆಂದು ಒಂದೊಂದಾಗಿ ಪರೀಕ್ಷೆಗಳಾಗಿ ಬರೆಯಿತು. ಜೆರೂಬಿಯೂ ಅವನ್ನು ಬಳಸಿಕೊಂಡಿತು. ಆ ಸಂಗ್ರಹ ಇಂದಿಗೂ ಬೆಳೆಯುತ್ತಿದೆ, ಯಾರು ಬೇಕಾದರೂ ಸೇರಿಸಬಹುದು. ಒತ್ತಕ್ಷರ, ದೀರ್ಘ, ಅರ್ಕಾವತ್ತು ಬಂದಾಗ ಪ್ರೋಗ್ರಾಂ ಎಲ್ಲೆಲ್ಲಿ ಎಡವುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಹನೂರಿನಲ್ಲಿ ಕುಳಿತೇ ನಿಮ್ಮ ಮೊದಲ ಪರೀಕ್ಷೆಯನ್ನು ಬರೆದು ಕಳಿಸಿ.