ಓದಿನ ನಡುವೆ ಹೆಣಿಗೆ

ಚಿಂಚಲಿಯೆಂದೊಡನೆ ತಮಗೆ ಮಾಯಕ್ಕದೇವಿಯೂ ಭಾರತ ಹುಣ್ಣಿಮೆಯ ಜಾತ್ರೆಯೂ ನೆನಪಾಗುವುದು ಸಹಜ. ಆ ಜಾತ್ರೆಗೆ ಬರುವ ಕುರುಬರ ಹೆಗಲ ಮೇಲಿನ ಕರಿಯ ಕಂಬಳಿಯನ್ನು ನೋಡಿದ್ದೀರಷ್ಟೆ. ಕುರಿಗಳ ಹಿಂದೆ ನಡೆಯುತ್ತಲೇ ಕದಿರು ತಿರುಗಿಸಿ ನೂಲು ತೆಗೆಯುವ ರೂಢಿ ಅವರದು. ಅದನ್ನು ಯಾರೂ ಹಳಿಯುವುದಿಲ್ಲ.

ಕಾಲೇಜಿಗೆ ಹೋಗುವ ಹುಡುಗಿ ರೈಲಿಗೆ ಕಾಯುತ್ತ ಹೆಣಿಗೆಯ ಕಡ್ಡಿ ಹಿಡಿದರೆ ಮಾತ್ರ ಹಿರಿಯರಿಗೆ ಓದು ಕೆಟ್ಟಂತೆ ತೋರುತ್ತದೆ! ನಾನು ಒಪ್ಪಲಾರೆ. ಮಗ್ಗದಲ್ಲಿ ಹಾಸು, ಹೊಕ್ಕು ಎಂದು ನೂಲು ಎರಡು ಬಗೆ. ಹೆಣಿಗೆಯಲ್ಲಿ ಒಂದೇ ನೂಲು, ಕುಣಿಕೆಯೊಳಗೆ ಕುಣಿಕೆ. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಕೆಳಗಿನವೂ ಒಂದೊಂದಾಗಿ ಬಿಚ್ಚುತ್ತವೆ. ಎಣಿಕೆ ತಪ್ಪಿದರೆ ಬಿಚ್ಚಿ ಮತ್ತೆ ಹೆಣಿಯಬಹುದು. ಉತ್ತರಪತ್ರಿಕೆಗೆ ಈ ಸೌಕರ್ಯವಿಲ್ಲ. ಹುಡುಗರೂ ಕಲಿಯಲಿ, ಕದಿರು ಹಿಡಿದು ನಡೆಯುವ ಕುರುಬರು ಗಂಡಸರೇ ಅಲ್ಲವೆ?

ಸಂಕಟ ಬೇರೆಯೇ ಇದೆ. ನಮ್ಮ ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಸೈ, ಸ್ವೆಟರಾದರೆ ಮೈಗೆ ಚುಚ್ಚುತ್ತದೆ. ಕೊಳ್ಳುವವರಿಲ್ಲದೆ, ಕತ್ತರಿಸಿದ ಉಣ್ಣೆಯನ್ನು ಎಷ್ಟೋ ಕಡೆ ಎಸೆಯುತ್ತಾರೆ. ಅತ್ತ ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಬಣ್ಣದ ಉಂಡೆ ಅನೇಕ ಸಲ ಬರಿಯ ಅಕ್ರಿಲಿಕ್. ಚೀಟಿಯನ್ನು ಓದಿಯೇ ಕೊಳ್ಳಿರಿ. ಮೊದಲ ಸ್ವೆಟರು ಅದರಲ್ಲೇ ಆಗಲಿ. ಮುಂದೆ ಪುಸ್ತಕದ ಚೀಲ ಹೆಣಿಯುವ ಮನಸ್ಸಾದರೆ, ಕುರುಬರ ಮನೆಯಲ್ಲಿ ನೂತ ಕರಿಯ ನೂಲನ್ನು ಕೇಳಿ ನೋಡಿರಿ. ಚೀಲಕ್ಕೆ ಒರಟು ನೂಲೇ ಲೇಸು.